ಸೆಟ್ಟು

ಡೆಂಟಲ್ ಕಾಲೇಜಿನ ಹಿಂದಿನ ಗಲ್ಲಿ,
ಮೆಟ್ಟಿಲ ಕೆಳಗೆ ನನ್ನ ಲ್ಯಾಬು.
ಬಟ್ಟಲಲ್ಲಿ ಕಲಸಿದ ಪ್ಲಾಸ್ಟರು ಬೆಚ್ಚಗಾಗಿ
ಹತ್ತು ನಿಮಿಷಕ್ಕೆ ಸೆಟ್ ಆಗುತ್ತದೆ.
ಯಾರ ಮುಖವನ್ನೂ ನೋಡುವುದಿಲ್ಲ,
ಅಶೋಕ ಟಾಕೀಸಿನ ರೈಲ್ವೆ ಗೇಟಿನಂತೆ:
ಬಿದ್ದರೆ ಬಿತ್ತು.

ಮೇಣದ ಮೇಲೆ ಹಲ್ಲು ಕೂರಿಸುವುದಕ್ಕೆ
ನಮ್ಮ ಕಸುಬಿನಲ್ಲಿ ಸೆಟ್ಟಿಂಗು ಅಂತಾರೆ.
ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು.
ಬುದ್ಧಿಹಲ್ಲು ನಾವು ಕೊಡುವುದಿಲ್ಲ.

ಡಾಕ್ಟ್ರು ಊಟಕ್ಕೆ ಹೋದ ಹೊತ್ತು
ದುಗ್ಗಪ್ಪ ಮೇಷ್ಟ್ರು ಬಂದರು,
ಲಾಡಿ ಎಳೆದ ಚೀಲದ ಹಾಗೆ ಬಾಯಿ ಒಳಗೆ ಹೋಗಿತ್ತು.
"ಎರಡನೇ ಬೆಂಚಿನ ಥಾಬಿರಾ ಅಲ್ಲೇನು ನೀನು?"
ನನ್ನ ಹೆಸರಿನ ಮೊದಲ ಅಕ್ಷರ
ಬರಿ ವಸಡಿಗೆ ತಾಗಿ ಜಾರಿತ್ತು.

ಒಂಬತ್ತನೇ ಕ್ಲಾಸು. ಕಿಟಕಿಯಾಚೆ
ಮಂಡಕ್ಕಿ ಭಟ್ಟಿಗಳ ಹೊಗೆ, ಅದರೊಳಗೆಲ್ಲೋ ಅಮ್ಮಿ.
ಬೋರ್ಡಿನ ಮೇಲೆ ಮೂರೇ ಅಕ್ಷರದ ಇಂಗ್ಲಿಷ್ ಪದ,
ಅದರ ಕೆಳಗೆ ಹದಿನೇಳು ಅರ್ಥ.
ಸೂರ್ಯ ಮುಳುಗಿದರೂ ಸೆಟ್ಟು, ಮೊಸರು ಹೆಪ್ಪಾದರೂ ಸೆಟ್ಟು,
ಮುರಿದ ಮೂಳೆ ಕೂಡಿಸಿದರೆ, ಇಲಿಗೆ ಬೋನು ಒಡ್ಡಿದರೆ,
ಬಣವೆಗೆ ಕಿಚ್ಚಿಟ್ಟರೆ, ಗಿಣಿಯನ್ನು ಪಂಜರದಿಂದ ಬಿಟ್ಟರೆ,
ಲಗ್ನಕ್ಕೆ ದಿನ ಗೊತ್ತುಮಾಡಿದರೆ, ಉಂಗುರಕ್ಕೆ ಹರಳು ಕೂರಿಸಿದರೆ,
ಬುತ್ತಿ ಹಿಡಿದು ಊರಿಂದ ಹೊರಟರೆ.
"ಬಡವರ ಮನೆ ಸೆರಗಿದ್ದಂಗೆ ಕಣ್ರಲೇ ಈ ಪದ.
ಬೆವರು ಒರೆಸಾಕೂ ಅದೇ, ಕೂಸಿಗೆ ಹೊದಿಸಾಕೂ ಅದೇ,
ಕಾಸು ಗಂಟಿಡಾಕೂ ಅದೇ."

ಪರೀಕ್ಷೆಯಲ್ಲಿ ನಾನು ಬರೆದದ್ದು ಮೂರು:
ಪಂಪ್‌ಸೆಟ್ಟು, ಟೀವಿ ಸೆಟ್ಟು,
ಮತ್ತೆ, ನಮ್ಮ ಅಮ್ಮಿಗೂ ದಾದಿಗೂ ಸೆಟ್ ಆಗಲ್ಲ.
ಅರ್ಧ ಮಾರ್ಕು. ಪಕ್ಕದಲ್ಲಿ
ಕೆಂಪು ಇಂಕಿನ ಪ್ರಶ್ನೆಯ ಗುರುತು.

ಈಗ ಅವರು ಜೇಬಿಂದ ಕರ್ಚೀಪು ತೆಗೆದು
ಮೇಜಿನ ಮೇಲೆ ಗಂಟು ಬಿಚ್ಚಿದರು.
ಒಳಗೆ ಒಂದು ಜೊತೆ ನಗು.
"ನಮ್ಮಾಕೀದು. ಹೋದ ಉಗಾದಿಗೆ..."
ಮುಂದಿನ ಮಾತು ಬರಲಿಲ್ಲ,
ಅದಕ್ಕೆ ಹಲ್ಲು ಕಾರಣವಲ್ಲ.
"ಹೊಥದಕ್ಕೆ ಯಾಕೆ ದುಡ್ಡು ದಂಡ?
ಇದನ್ನೇ ಒಂಚೂರು ಉಜ್ಜಿ
ನನ್ನ ಬಾಯಿಗೆ ಕೂರಿಥಾಕೆ ಬರಲ್ಲೇನು?"

ಅಂದಿನ ಅರ್ಧ ಮಾರ್ಕಿನ ಉತ್ತರವನ್ನೇ
ಮತ್ತೆ ಹೇಳಬೇಕಾಯ್ತು ನಾನು:
ಒಬ್ಬರದು ಒಬ್ಬರಿಗೆ ಸೆಟ್ ಆಗಲ್ಲ, ಮೇಷ್ಟ್ರೇ.
ಈ ಸಲ ಅವರು ಗುರುತು ಹಾಕಲಿಲ್ಲ.
ಕರ್ಚೀಪಿನ ನಾಲ್ಕು ಮೂಲೆ
ಒಂದರ ಮೇಲೊಂದು ಮಡಚಿದರು.

ಇದಕ್ಕೆ ನಾವು ಹಲ್ಲು ಕಟ್ಟಿಸೋದು ಅಂತೀವಿ.
ನಮ್ಮ ಕಟ್ಟು ಏನು ಕಡಿಮೆಯದಲ್ಲ:
ಮನೆ ಕಟ್ಟು, ಫೀಸು ಕಟ್ಟು, ತಾಳಿ ಕಟ್ಟು, ಮೂಗು ಕಟ್ಟು,
ಬೇಳೆ ಬಸಿದರೆ ಪಾತ್ರೆಯಲ್ಲಿ ಉಳಿಯುವ ಕಟ್ಟು,
ಎದುರಿಗಿರುವವರು ಸುಮ್ಮನಾದಾಗ
ನಮ್ಮ ಗಂಟಲು ಕಟ್ಟು.
ಇದನ್ನು ಯಾರೂ ಬೋರ್ಡಿನ ಮೇಲೆ ಬರೆಯಲಿಲ್ಲ.

ಮೂರನೇ ವಾರ. ಮೇಣದ ಅಚ್ಚು ಬಾಯಿಗಿಟ್ಟು
ಸಾಸಿವೆ ಅನ್ನಿ ಅಂದೆ.
ಕುಕ್ಕರಿನ ಹಾಗೆ ಸಿಳ್ಳೆ ಬಂತು, ಇಬ್ಬರೂ ನಕ್ಕೆವು.
ಮುಂದಿನ ಹಲ್ಲು ಕೂದಲೆಳೆಯಷ್ಟು ಹಿಂದೆ ಸರಿಸಿದೆ.
ಸೊಸೆ ಅನ್ನಿ. ಸಂತೆ. ಹಸಿ ಸೌತೆಕಾಯಿ.
ಅವರು ಅದನ್ನೆಲ್ಲ ಬಿಟ್ಟು
ಕೈಗನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ
"ಸಾಬಿರಾ" ಅಂದರು,
ಹಾಜರಿ ಕೂಗುವ ದನಿಯಲ್ಲಿ.
ಬಿಸಿ ಚಾಕು ಹಿಡಿದುಕೊಂಡೇ
ಎಸ್ ಸಾರ್ ಅಂದುಬಿಟ್ಟೆ.

ಸೆಟ್ಟು ಕೊಟ್ಟ ದಿನ ಹೇಳಿದೆ:
ಮೊದಮೊದಲು ಬೆಣ್ಣೆ ದೋಸೆ ಸೈ,
ಮಂಡಕ್ಕಿ ಮೆಣಸಿನಕಾಯಿ ಆಮೇಲೆ.
ರಾತ್ರಿ ತೆಗೆದು
ನೀರಿನ ಲೋಟದಲ್ಲಿ ಇಡಿ.

ಅವರು ಜೇಬು ಮುಟ್ಟಿ ನೋಡಿಕೊಂಡರು.
"ಮನೇಲಿರೋದು ಒಂದೇ ಲೋಟ.
ಸಾಕಾಗತ್ತೇನಮ್ಮ, ಇಬ್ಬರಿಗೆ?"